ಎಮಿಷನ್ ಡೇಟಾ ಯಾರಾದ್ರೂ ಓದ್ತಿದ್ದಾರಾ? ಸಾರಿಗೆ ಆಯುಕ್ತರಿಗೆ ಒಬ್ಬ ಮೆಕ್ಯಾನಿಕ್ ಬರೆದ ಬಹಿರಂಗ ಪತ್ರ

ಗೆ,
ಮಾನ್ಯ ಸಾರಿಗೆ ಆಯುಕ್ತರು,
ಕರ್ನಾಟಕ ಸರ್ಕಾರ, ಶಾಂತಿನಗರ, ಬೆಂಗಳೂರು.

ಪ್ರತಿ: ಮಾನ್ಯ ಅಧ್ಯಕ್ಷರು, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ.

ವಿಷಯ: ವಾಹನಗಳ ಹೊಗೆ ತಪಾಸಣೆಯಿಂದ ಬರುವ ಮಾಹಿತಿಯನ್ನು ಸರಿಯಾಗಿ ಬಳಸುವ ಬಗ್ಗೆ.

ಮಾನ್ಯರೇ,

ನಮಸ್ಕಾರ. ನಾನು ದಾವಣಗೆರೆಲಿ ಟೂ ವೀಲರ್ ಗ್ಯಾರೇಜ್ ಇಟ್ಕೊಂಡಿರೋ ಮೆಕ್ಯಾನಿಕ್. ಐಟಿಐ ಮುಗಿಸಿ ಇದೇ ಕೆಲಸಕ್ಕೆ ಬಂದೋನು, ಕಾರ್ಬ್ಯುರೇಟರ್ ಗಾಡಿಗಳ ಕಾಲದಿಂದ ಈಗಿನ ಬಿಎಸ್ 6 (ಭಾರತ್ ಸ್ಟೇಜ್, ಅಂದ್ರೆ ಸರ್ಕಾರದ ಹೊಗೆ ಮಾನದಂಡ) ಇಂಜೆಕ್ಟರ್ ಗಾಡಿಗಳವರೆಗೂ ಇದೇ ಕೈಯಲ್ಲಿ ಬಿಚ್ಚಿ ಜೋಡಿಸಿದೀನಿ. ಎಮಿಷನ್ ಡೇಟ್ ಮುಗೀತು, ಪೊಲೀಸ್ನೋರು ಹಿಡಿದ್ರು, ಫೈನ್ ಬಿತ್ತು, ಈಗೇನ್ ಮಾಡ್ಲಿ ಅಂತ ಜನ ಮೊದ್ಲು ಬಂದು ಕೇಳೋದು ನಮ್ಮಂಥ ಗ್ಯಾರೇಜ್ನೋರನ್ನೇ, ತಮ್ಮ ಕಚೇರಿಗೆ ಅವ್ರು ಬರೋದು ಎಷ್ಟೋ ಆಮೇಲೆ. ಅದಕ್ಕೇ ಈ ಪತ್ರ ಬರೀತಿದೀನಿ, ಎಲ್ಲರೂ ಓದ್ಲಿ ಅಂತ ಬಹಿರಂಗವಾಗೇ ಬರೀತಿದೀನಿ.

ನನ್ನ ದೂರು ಇಷ್ಟೇ. ರಾಜ್ಯದಲ್ಲಿ ಪ್ರತಿ ಗಾಡಿಗೂ ಎಮಿಷನ್ ಟೆಸ್ಟ್ ಮಾಡಿದಾಗ ಅದರ ಹೊಗೆಯಲ್ಲಿ ಏನಿದೆ ಅನ್ನೋ ಅಂಕಿಗಳು ಕಂಪ್ಯೂಟರಿಗೆ ಹೋಗ್ತವೆ. ಪೆಟ್ರೋಲ್ ಗಾಡಿ ಆದ್ರೆ ಕಾರ್ಬನ್ ಮೋನಾಕ್ಸೈಡ್ (ಸಿಒ) ಎಷ್ಟು, ಹೈಡ್ರೋಕಾರ್ಬನ್ (ಎಚ್‌ಸಿ) ಎಷ್ಟು, ಡೀಸೆಲ್ ಆದ್ರೆ ಹೊಗೆ ಎಷ್ಟು ದಟ್ಟ ಅಂತ. ಜೊತೆಗೆ ಗಾಡಿ ನಂಬರ್, ತಪಾಸಣೆ ಕೇಂದ್ರದ ನಂಬರ್, ದಿನಾಂಕ, ಸಮಯ ಎಲ್ಲಾ ಇರುತ್ತೆ. ಆದ್ರೆ ರಸ್ತೇಲಿ ನಿಲ್ಸಿ ಕೇಳೋರು, ಕ್ಯಾಮೆರಾದಿಂದ ನೋಟಿಸ್ ಕಳ್ಸೋರು, ಎಲ್ರೂ ನೋಡೋದು ಒಂದೇ, ಸರ್ಟಿಫಿಕೇಟಿನ ಡೇಟ್ ಮುಗಿದಿದೆಯಾ ಇಲ್ವಾ ಅಂತ. ಆ ಹೊಗೆಯ ಅಂಕಿ ನೋಡಿ ಯಾರಾದ್ರೂ ಏನಾದ್ರೂ ನಿರ್ಧಾರ ತಗೊಂಡಿದ್ದನ್ನ ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ. ಗಾಳಿ ಕೆಡೋದು ಡೇಟ್ ಮುಗಿದಿದ್ದರಿಂದ ಅಲ್ವಲ್ಲ ಸಾರ್.

ಕಣ್ಣಾರೆ ಕಂಡಿದ್ದು ಒಂದು ಹೇಳ್ತೀನಿ, ಯಾವ ಕೇಂದ್ರ, ಯಾರು ಅಂತ ಹೇಳಲ್ಲ, ಯಾಕಂದ್ರೆ ಒಬ್ಬರನ್ನ ಹಿಡಿಸೋದು ಈ ಪತ್ರದ ಉದ್ದೇಶ ಅಲ್ಲ. ಎಪಿಎಂಸಿಲಿ ಹಮಾಲಿ ಕೆಲಸ ಮಾಡೋರೊಬ್ರು ತಮ್ಮ 2008ರ ಮಾಡೆಲ್ ಫೋರ್ ಸ್ಟ್ರೋಕ್ ಬೈಕ್ ತಂದು ಬಿಟ್ಟಿದ್ರು. ಸ್ಟಾರ್ಟ್ ಮಾಡಿದ್ರೆ ಸೈಲೆನ್ಸರಿಂದ ನೀಲಿ ಹೊಗೆ, ಆಯಿಲ್ ಸುಡೋ ವಾಸನೆ, ಆಕ್ಸಿಲೇಟರ್ ಕೊಟ್ಟಷ್ಟೂ ಜಾಸ್ತಿ. ಪಿಸ್ಟನ್ ರಿಂಗ್ ಹೋಗಿದೆ, ಸಿಲಿಂಡರ್ ಬೋರ್ ಮಾಡಿಸ್ಲೇಬೇಕು ಅಂದೆ, ಒಪ್ಕೊಂಡ್ರು. ಇಂಜಿನ್ ಹೆಡ್ ಬಿಚ್ಚಿ, ಸಿಲಿಂಡರ್ ಬ್ಲಾಕ್ ತೆಗೆದು ಲೇತ್‌ಗೆ ಕಳ್ಸಿದ್ದೆ. ಗಾಡಿ ಮೂಲೇಲಿ ಸ್ಟ್ಯಾಂಡ್ ಹಾಕಿ ನಿಂತಿತ್ತು, ಇಂಜಿನ್ ಜಾಗದಲ್ಲಿ ಕ್ರ್ಯಾಂಕ್ ಕೇಸ್ ಮೇಲೆ ಧೂಳು ಬೀಳ್ದೇ ಇರ್ಲಿ ಅಂತ ಬಟ್ಟೆ ತುರುಕಿದ್ದೆ. ಅವರ ಮಗ ಬಂದ, ಹತ್ತನೇ ನಂಬರ್ ಸ್ಪ್ಯಾನರ್ ತಗೊಂಡು ಹಿಂದಿನ ನಂಬರ್ ಪ್ಲೇಟ್ ತಾನೇ ಬಿಚ್ಕೊಂಡು ಹೋದ, ಹಳೇ ಪ್ಲೇಟು, ಹೊಸ ಹೈ ಸೆಕ್ಯೂರಿಟಿ ಪ್ಲೇಟ್ (ಎಚ್‌ಎಸ್‌ಆರ್‌ಪಿ) ಇನ್ನೂ ಹಾಕ್ಸಿರಲಿಲ್ಲ. ಸಂಜೆ ವಾಪಸ್ ಬಂದಾಗ ಪ್ಲೇಟ್ ಜೊತೆಗೆ ಎಮಿಷನ್ ಸರ್ಟಿಫಿಕೇಟೂ ಇತ್ತು. ಅದರಲ್ಲಿ ಸಿಒ ಇಷ್ಟು, ಎಚ್‌ಸಿ ಇಷ್ಟು, ಎರಡೂ ಮಿತಿಯೊಳಗೇ, ಪಾಸ್. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನೋಡಿದೆ, ಸರ್ಕಾರಿ ವೆಬ್‌ಸೈಟಲ್ಲೇ ತೋರಿಸ್ತು, ಅಸಲಿ ಸರ್ಟಿಫಿಕೇಟು. ಪ್ಲೇಟ್ ಬೇರೆ ಯಾವ್ದೋ ಓಡೋ ಗಾಡಿಗೆ ಹಿಡಿದು ಫೋಟೋ ತೆಗೆದು ಆ ಗಾಡಿಯ ಸೈಲೆನ್ಸರಿಗೇ ಪ್ರೋಬ್ (ಹೊಗೆ ಅಳೆಯೋ ಕೊಳವೆ) ಹಾಕಿ ಟೆಸ್ಟ್ ಮಾಡಿದಾರೆ. ಬ್ಲಾಕ್ ಇನ್ನೂ ಲೇತ್‌ನಲ್ಲೇ ಇತ್ತು.

ಆ ಹುಡುಗನ್ನ ಬೈಯೋಕೆ ನನಗೆ ಮನಸ್ಸಾಗಲಿಲ್ಲ. ಅಪ್ಪನಿಗೆ ಆಗ್ಲೇ ಫೈನ್ ಬಿದ್ದಿತ್ತು, ಇನ್ನೊಂದ್ಸಲ ಬಿದ್ರೆ ಅನ್ನೋ ಭಯ. ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ಪ್ರಕಾರ, 2019ರ ತಿದ್ದುಪಡಿ ಆದ್ಮೇಲೆ, ಎಮಿಷನ್ ಇಲ್ಲದ ಗಾಡಿಗೆ 10,000 ರೂಪಾಯಿವರೆಗೂ ದಂಡ ಹಾಕೋಕೆ ಅವಕಾಶ ಇದೆ. ಹಮಾಲಿ ಮಾಡೋರಿಗೆ ಅದು ಎಷ್ಟು ದಿನದ ಕೂಲಿ ಅಂತ ತಾವೇ ಲೆಕ್ಕ ಹಾಕಿ. ಆದ್ರೆ ನನಗೆ ಚಿಂತೆ ಆಗಿದ್ದು ಬೇರೆ. ಇಂಜಿನ್ನೇ ಇಲ್ಲದ ಗಾಡಿಯ ಹೊಗೆ ಇಷ್ಟು ಅಂತ ಸರ್ಕಾರದ ಡೇಟಾಬೇಸಲ್ಲಿ ಬರೆದಾಯ್ತು. ನಾಳೆ ಯಾರೋ ಅಧಿಕಾರಿ ಆ ಡೇಟಾ ಕೂಡ್ಸಿ, ನಮ್ಮ ಜಿಲ್ಲೆಯ ಇಷ್ಟು ಪರ್ಸೆಂಟ್ ಗಾಡಿಗಳು ಮಿತಿಯೊಳಗೇ ಇವೆ ಅಂತ ವರದಿ ಕೊಡ್ತಾರೆ, ಅದನ್ನ ನಂಬ್ಕೊಂಡು ಮೇಲಿನೋರು ಯೋಜನೆ ಮಾಡ್ತಾರೆ.

ಆ ಅಂಕಿಗಳು ಒಬ್ಬ ಮೆಕ್ಯಾನಿಕ್‌ಗೆ ಏನು ಹೇಳ್ತವೆ ಅಂತ ತಮಗೆ ತಿಳಿಸ್ಬೇಕು ಅನ್ಸುತ್ತೆ, ಯಾಕಂದ್ರೆ ಅದರ ಬೆಲೆ ಗೊತ್ತಿಲ್ದೇ ಇರೋದ್ರಿಂದಲೇ ಯಾರೂ ನೋಡ್ತಿಲ್ಲ ಅನ್ನೋದು ನನ್ನ ಅನಿಸಿಕೆ. ಡಾಕ್ಟರಿಗೆ ರಕ್ತದ ರಿಪೋರ್ಟ್ ಹೇಗೋ ನಮಗೆ ಅದು ಹಾಗೆ. ಸಿಒ ಜಾಸ್ತಿ ಇದ್ರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ ಗಾಳಿ ಸಾಲ್ತಿಲ್ಲ ಅಂತ ಅರ್ಥ, ಏರ್ ಫಿಲ್ಟರ್ ಕಟ್ಕೊಂಡಿರುತ್ತೆ, ಇಲ್ಲಾ ಚೋಕ್ ಸಿಕ್ಕಾಕೊಂಡಿರುತ್ತೆ, ಇಲ್ಲಾ ಕಾರ್ಬ್ಯುರೇಟರ್ ಫ್ಲೋಟ್ ಸರಿ ಇರಲ್ಲ. ಎಚ್‌ಸಿ ಜಾಸ್ತಿ ಇದ್ರೆ ಪೆಟ್ರೋಲ್ ಪೂರ್ತಿ ಉರೀತಿಲ್ಲ, ಪ್ಲಗ್ ನೋಡ್ಬೇಕು, ವಾಲ್ವ್ ನೋಡ್ಬೇಕು, ಆಯಿಲ್ ಸುಡ್ತಿದೆಯಾ ನೋಡ್ಬೇಕು. 2000ನೇ ಇಸವಿ ಮಾರ್ಚ್ ಆದ್ಮೇಲೆ ಬಂದ ಹಳೇ ಫೋರ್ ಸ್ಟ್ರೋಕ್ ಬೈಕಿಗೆ ಸಿಒ ಮಿತಿ ಶೇ. 3.5, ಎಚ್‌ಸಿ 4500 ಪಿಪಿಎಂ (ಹತ್ತು ಲಕ್ಷ ಪಾಲಲ್ಲಿ ಎಷ್ಟು ಪಾಲು ಅನ್ನೋ ಅಳತೆ). ಅದೇ ಬಿಎಸ್ 4 ಪೆಟ್ರೋಲ್ ಕಾರಿಗೆ ಸಿಒ ಶೇ. 0.3, ಎಚ್‌ಸಿ 200 ಪಿಪಿಎಂ. ಹಳೇ ಬೈಕಿಗೆ ಕೊಟ್ಟಿರೋ ಮಿತಿನೇ ಇಷ್ಟು ಸಡಿಲ ಇದ್ದಾಗ ಅದನ್ನೂ ದಾಟಿದ ಗಾಡಿ ಅಂದ್ರೆ ಅದಕ್ಕೆ ನಿಜವಾಗ್ಲೂ ಏನೋ ರಿಪೇರಿ ಬೇಕಾಗಿದೆ ಅಂತ. ಎಷ್ಟೋ ಸಲ ಒಂದು ಏರ್ ಫಿಲ್ಟರ್, ಒಂದು ಪ್ಲಗ್ ಬದಲಾಯಿಸಿ ಟ್ಯೂನಿಂಗ್ ಮಾಡಿದ್ರೆ ಮುಗೀತು, ಗಾಡಿ ಮೈಲೇಜೂ ಜಾಸ್ತಿ ಆಗುತ್ತೆ, ಫೈನ್ ದುಡ್ಡಿನಲ್ಲಿ ಒಂದು ಪಾಲೂ ಖರ್ಚಾಗಲ್ಲ.

ಇಲ್ಲೇ ರಿಜೆಕ್ಷನ್ ಸ್ಲಿಪ್ ವಿಷಯ ಬರುತ್ತೆ. 2021ರ ಜೂನ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಇಡೀ ದೇಶಕ್ಕೆ ಒಂದೇ ಥರದ ಪಿಯುಸಿ (ನಾವು ಎಮಿಷನ್ ಅನ್ನೋದೇ ಅದು) ಸರ್ಟಿಫಿಕೇಟ್ ಅಂತ ಅಧಿಸೂಚನೆ ಹೊರಡಿಸ್ತು. ಕ್ಯೂಆರ್ ಕೋಡ್ ಬಂತು, ಮಾಲೀಕರ ಮೊಬೈಲ್ ನಂಬರ್ ಕಡ್ಡಾಯ ಆಯ್ತು, ಪಿಯುಸಿ ಡೇಟಾಬೇಸನ್ನ ರಾಷ್ಟ್ರೀಯ ವಾಹನ ರಿಜಿಸ್ಟರಿಗೆ ಜೋಡಿಸೋದು ಅಂತಾಯ್ತು. ಅದರಲ್ಲೇ ಮೊದಲ ಸಲ ರಿಜೆಕ್ಷನ್ ಸ್ಲಿಪ್ ಅನ್ನೋದನ್ನೂ ತಂದ್ರು. ಗಾಡಿ ಫೇಲ್ ಆದ್ರೆ ಕಾರಣ ಬರೆದು ಸ್ಲಿಪ್ ಕೊಡ್ಬೇಕು, ಅದನ್ನ ಗ್ಯಾರೇಜಿಗೆ ತೋರಿಸಿ ರಿಪೇರಿ ಮಾಡಿಸ್ಬಹುದು, ಇಲ್ಲಾ ಆ ಕೇಂದ್ರದ ಮಷಿನ್ನೇ ಸರಿ ಇಲ್ಲ ಅನ್ಸಿದ್ರೆ ಇನ್ನೊಂದು ಕಡೆ ಟೆಸ್ಟ್ ಮಾಡಿಸ್ಬಹುದು. ಬರೆದೋರಿಗೆ ನಿಜವಾಗ್ಲೂ ಗ್ಯಾರೇಜ್ ಕೆಲಸ ಗೊತ್ತಿದೆ ಅನ್ಸುತ್ತೆ, ಅಷ್ಟು ಒಳ್ಳೇ ನಿಯಮ ಅದು. ಆದ್ರೆ ಸಾರ್, ಆ ಸ್ಲಿಪ್ ಹಿಡ್ಕೊಂಡು ನನ್ನ ಗ್ಯಾರೇಜಿಗೆ ಇವತ್ತಿನವರೆಗೂ ಒಬ್ಬ ಗಿರಾಕಿನೂ ಬಂದಿಲ್ಲ. ಅಕ್ಕಪಕ್ಕದ ಗ್ಯಾರೇಜ್ನೋರನ್ನೂ ಕೇಳಿದೀನಿ, ಅದ್ಯಾವ ಸ್ಲಿಪ್ಪಣ್ಣ ಅಂತಾರೆ. ಇಷ್ಟು ಹಳೇ ಗಾಡಿಗಳು ಓಡೋ ಊರಲ್ಲಿ ಒಂದೂ ಫೇಲ್ ಆಗಲ್ವಾ?

ಫೇಲ್ ಯಾಕೆ ಆಗಲ್ಲ ಅನ್ನೋದಕ್ಕೆ ದೊಡ್ಡ ತನಿಖೆ ಬೇಕಿಲ್ಲ. ತಪಾಸಣೆ ಕೇಂದ್ರದೋರು ಬದುಕೋದು ಗಾಡಿ ಮಾಲೀಕರು ಕೊಡೋ ಶುಲ್ಕದಲ್ಲಿ. ಫೇಲ್ ಮಾಡಿದ್ರೆ ಗಿರಾಕಿ ಜಗಳ ಆಡ್ತಾನೆ, ದುಡ್ಡು ಕೊಡಲ್ಲ, ಮುಂದಿನ ಬಂಕಿಗೆ ಹೋಗಿ ಪಾಸ್ ಮಾಡಿಸ್ಕೊಂಡು ಬರ್ತಾನೆ, ಊರಲ್ಲಿ ಬೇರೆ ಆ ಕೇಂದ್ರಕ್ಕೆ ಹೋಗ್ಬೇಡಿ ಅಂತ ಹೇಳ್ಕೊಂಡು ಓಡಾಡ್ತಾನೆ. ನೆಟ್ಟಗೆ ಕೆಲಸ ಮಾಡೋ ಕೇಂದ್ರದೋರನ್ನ ನಾನು ಬಲ್ಲೆ, ಪ್ರೋಬ್ ಸರಿಯಾಗಿ ಒಳಗೆ ಹಾಕಿ, ಇಂಜಿನ್ ಬಿಸಿ ಆಗೋವರೆಗೂ ಕಾದು, ರೀಡಿಂಗ್ ನಿಂತ ಮೇಲೆ ಸೇವ್ ಮಾಡೋರು ಇದಾರೆ, ಅವರ ಹತ್ರ ಗಿರಾಕಿ ಕಮ್ಮಿ. ಮಷಿನ್ ತಗೊಳೋಕೆ ಸಾಲ ಮಾಡಿರ್ತಾರೆ, ಮಷಿನ್ ಅಳತೆ ಸರಿಪಡಿಸೋ ಕ್ಯಾಲಿಬ್ರೇಷನ್ ಗ್ಯಾಸಿಗೆ, ವರ್ಷದ ನಿರ್ವಹಣೆ ಕಾಂಟ್ರಾಕ್ಟಿಗೆ ದುಡ್ಡು ಕಟ್ತಾರೆ, ಬಂಕಿಗೆ ಬಾಡಿಗೆ ಕೊಡ್ತಾರೆ. ಈ ವ್ಯವಸ್ಥೇಲಿ ಸೋಲ್ತಿರೋದು ಆ ಪ್ರಾಮಾಣಿಕರು. ಅವರನ್ನ ಉಳಿಸ್ಬೇಕು ಅಂದ್ರೂ ತಾವು ಡೇಟಾ ಓದ್ಲೇಬೇಕು.

ಓದಿದ್ರೆ ಏನು ಸಿಗುತ್ತೆ ಅನ್ನೋದಕ್ಕೆ ದೆಹಲಿಯ ಉದಾಹರಣೆನೇ ಇದೆ. 2025ರ ಏಪ್ರಿಲ್‌ನಲ್ಲಿ ದೆಹಲಿ ವಿಧಾನಸಭೇಲಿ ವಾಹನಗಳ ವಾಯುಮಾಲಿನ್ಯದ ಬಗ್ಗೆ ಸಿಎಜಿ (ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಂಸ್ಥೆ) ವರದಿ ಮಂಡಿಸಿದ್ರು. ಪೇಪರಲ್ಲಿ ಬಂದಿದ್ದು ನೋಡಿ, ಕಂಪ್ಯೂಟರ್ ಸೈನ್ಸ್ ಓದ್ತಿರೋ ಮಗಳನ್ನ ಕೂರಿಸ್ಕೊಂಡು ಇಂಗ್ಲಿಷಿನಲ್ಲಿದ್ದಿದ್ದನ್ನ ಓದಿಸ್ಕೊಂಡೆ. ಲೆಕ್ಕ ಪರಿಶೋಧಕರು ಪಿಯುಸಿ ಡೇಟಾಬೇಸನ್ನೇ ತೆಗೆದು ನೋಡಿದಾರೆ. 1.08 ಲಕ್ಷಕ್ಕೂ ಹೆಚ್ಚು ಗಾಡಿಗಳಿಗೆ ಸಿಒ, ಎಚ್‌ಸಿ ಮಿತಿ ಮೀರಿದ್ರೂ ಸರ್ಟಿಫಿಕೇಟ್ ಕೊಟ್ಟಿದಾರೆ. 7,643 ಸಲ ಒಂದೇ ಕೇಂದ್ರದಲ್ಲಿ ಒಂದೇ ಸಮಯಕ್ಕೆ ಒಂದಕ್ಕಿಂತ ಜಾಸ್ತಿ ಗಾಡಿ ಟೆಸ್ಟ್ ಆಗಿದೆ ಅಂತ ದಾಖಲಾಗಿದೆ. 76,865 ಸಲ ಒಂದೇ ನಿಮಿಷದೊಳಗೆ ಟೆಸ್ಟೂ ಮುಗಿದು ಸರ್ಟಿಫಿಕೇಟೂ ಬಂದಿದೆ, ಅದು ಸಾಧ್ಯನೇ ಇಲ್ಲ ಅಂತ ಅವರೇ ಹೇಳಿದಾರೆ. ಇದನ್ನ ಹುಡುಕೋಕೆ ಎಷ್ಟು ಕೆಲಸ ಅಂತ ಮಗಳನ್ನ ಕೇಳಿದೆ, ಡೇಟಾ ಕೈಗೆ ಸಿಕ್ರೆ ಇದು ಡೇಟಾಬೇಸಿಗೆ ಕೇಳೋ ಮೂರು ಸಣ್ಣ ಪ್ರಶ್ನೆ (ಕ್ವೆರಿ) ಅಪ್ಪ, ಓದೋ ಹುಡುಗರೂ ಬರೀತಾರೆ ಅಂದ್ಲು. ಅಲ್ಲಿ ತಪ್ಪು ನಡೆದಿದ್ದು 2015ರಿಂದ 2020ರ ನಡುವೆ, ಜನರಿಗೆ ಗೊತ್ತಾಗಿದ್ದು 2025ರಲ್ಲಿ. ಅಷ್ಟು ವರ್ಷ ಆ ಸಾಲುಗಳು ಕಂಪ್ಯೂಟರಲ್ಲೇ ಇದ್ವು, ತೆಗೆದು ನೋಡೋರು ಇರಲಿಲ್ಲ. ನಮ್ಮ ರಾಜ್ಯದ ಡೇಟಾದ ಮೇಲೂ ಆ ಮೂರು ಪ್ರಶ್ನೆ ಕೇಳಿ ಅಂತ ಮೊದಲನೇ ಬೇಡಿಕೆ ಇಡ್ತಿದೀನಿ. ಸಿಎಜಿ ಬಂದು ಕೇಳೋವರೆಗೂ ಕಾಯ್ಬೇಡಿ.

ಇನ್ನೊಂದು ವಿಷಯ ಟೆಸ್ಟಿನದ್ದೇ. ಪೆಟ್ರೋಲ್ ಗಾಡಿಗೆ ನಾವು ನೋಡೋದು ನಿಂತಲ್ಲಿ ಐಡಲ್‌ನಲ್ಲಿ ಬರೋ ಹೊಗೆ. ಡೀಸೆಲ್‌ಗೆ ನಿಂತಲ್ಲೇ ಆಕ್ಸಿಲೇಟರ್ ತುಳಿದು ಹೊಗೆ ದಟ್ಟಣೆ ನೋಡ್ತಾರೆ. ನೈಟ್ರೋಜನ್ ಆಕ್ಸೈಡ್ ಅಳೆಯಲ್ಲ, ಶ್ವಾಸಕೋಶದ ಒಳಗೆ ಹೋಗೋ ಸಣ್ಣ ಕಣ ಪಿಎಂ 2.5 ಅಳೆಯಲ್ಲ. ಹೊಸ ಗಾಡಿಗಳಲ್ಲಿ ಜಾಸ್ತಿ ಚಿಂತೆ ಮಾಡ್ಬೇಕಾಗಿರೋದೇ ಅದರ ಬಗ್ಗೆ. ಐಸಿಸಿಟಿ ಅನ್ನೋ, ಗಾಡಿ ಹೊಗೆ ಬಗ್ಗೆ ಸಂಶೋಧನೆ ಮಾಡೋ ಸಂಸ್ಥೆ ದೆಹಲಿ, ಗುರುಗ್ರಾಮದ ರಸ್ತೆ ಬದೀಲಿ ರಿಮೋಟ್ ಸೆನ್ಸಿಂಗ್ ಮಷಿನ್ ಇಟ್ಟು ಓಡಾಡೋ ಗಾಡಿಗಳ ಹೊಗೆ ಅಳೆದು 2024ರಲ್ಲಿ ವರದಿ ಕೊಟ್ಟಿದಾರೆ, ಒಂದು ಲಕ್ಷಕ್ಕೂ ಮೇಲೆ ಅಳತೆ ತಗೊಂಡಿದಾರೆ. ಅದರಲ್ಲಿ ಟ್ಯಾಕ್ಸಿ, ಸರಕು ಸಾಗಣೆ ಗಾಡಿಗಳು ಬಿಎಸ್ 6 ಆಗಿದ್ರೂ, ಸಿಎನ್‌ಜಿ ಆಗಿದ್ರೂ, ಲ್ಯಾಬಲ್ಲಿ ತೋರಿಸಿದ ಮಿತಿಗಿಂತ ಎಷ್ಟೋ ಪಟ್ಟು ಜಾಸ್ತಿ ನೈಟ್ರೋಜನ್ ಆಕ್ಸೈಡ್ ಬಿಡ್ತಿವೆ ಅಂತ ಬಂದಿದೆ. ಆ ಗಾಡಿಗಳು ನಮ್ಮ ಎಮಿಷನ್ ಟೆಸ್ಟಿಗೆ ಬಂದ್ರೆ ಆರಾಮಾಗಿ ಪಾಸ್ ಆಗ್ತವೆ, ಅಲ್ಲಿ ಯಾರ ಮೋಸನೂ ಇರಲ್ಲ, ಅಳೀಬೇಕಾದ್ದನ್ನೇ ಅಳೀತಿಲ್ಲ ಅಷ್ಟೇ. ನಮ್ಮೂರ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 48 ಹೋಗುತ್ತೆ, ಪುಣೆ ಕಡೆಯಿಂದ ಬೆಂಗಳೂರು ಕಡೆಗೆ ರಾತ್ರಿಯಿಡೀ ಲಾರಿ. ಹರಿಹರದಿಂದ ಈ ಕಡೆ ಬರೋವಾಗ ಅದರ ಹಿಂದೆ ಬೈಕಲ್ಲಿ ಬಂದೋರಿಗೆ ಮುಖ ಒರೆಸಿದ ಕರ್ಚೀಫ್ ಏನು ಬಣ್ಣ ಇರುತ್ತೆ ಅಂತ ಗೊತ್ತು. ಆ ಲಾರಿಗಳು ಯಾವ ರಾಜ್ಯದ್ದೋ, ಯಾವ ಕೇಂದ್ರದಲ್ಲಿ ಪಾಸ್ ಆಗಿದ್ದೋ. ರಸ್ತೆ ಬದೀಲಿ ಅಳೆಯೋ ಮಷಿನ್ ಹೆದ್ದಾರಿಲಿ ಒಂದೆರಡು ಕಡೆಯಾದ್ರೂ ಇಟ್ಟು ಅದರ ಡೇಟಾನೂ ಎಮಿಷನ್ ಸರ್ಟಿಫಿಕೇಟ್ ಡೇಟಾನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಯಾವ ಕೇಂದ್ರದ ಸರ್ಟಿಫಿಕೇಟ್ ಎಷ್ಟು ನಿಜ ಅನ್ನೋದೂ ತಾನಾಗೇ ಗೊತ್ತಾಗುತ್ತೆ.

ಗಾಡಿಗಳ ಲೆಕ್ಕದ ಬಗ್ಗೆನೂ ಹೇಳ್ಬೇಕು. ಇಷ್ಟು ಲಕ್ಷ ಗಾಡಿಗೆ ಎಮಿಷನ್ ಸರ್ಟಿಫಿಕೇಟೇ ಇಲ್ಲ ಅಂತ ಆಗಾಗ ಸುದ್ದಿ ಬರುತ್ತೆ. ಆ ಲಕ್ಷದಲ್ಲಿ ಎಷ್ಟು ಗಾಡಿ ಜೀವಂತ ಇವೆ ಅಂತ ಯಾರಿಗೂ ಖಾತ್ರಿ ಇಲ್ಲ. ನಮ್ಮ ಕಡೆ ಹಳೇ ಗಾಡಿ ರಿಪೇರಿ ಆಗಲ್ಲ ಅಂತಾದ್ರೆ ಗುಜರಿಗೆ ಹಾಕ್ತಾರೆ, ಗುಜರಿಯೋರು ಇಂಜಿನ್ ಬೇರೆ, ಚಕ್ರ ಬೇರೆ, ಚಾಸಿಸ್ ಬೇರೆ ಮಾಡಿ ತೂಕಕ್ಕೆ ಮಾರ್ತಾರೆ. ಆರ್‌ಸಿ ಮನೆ ಬೀರುವಿನಲ್ಲೇ ಇರುತ್ತೆ. ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಗಾಡಿ ನಾಶ ಆದ 14 ದಿನದೊಳಗೆ ಆರ್‌ಟಿಒಗೆ ತಿಳಿಸ್ಬೇಕು, ಆದ್ರೆ ಅದು ಹಳ್ಳಿ ಜನಕ್ಕೆ ಗೊತ್ತೇ ಇಲ್ಲ, ಗೊತ್ತಿದ್ದೋರೂ ಆ ಓಡಾಟ ಯಾರಿಗೆ ಬೇಕು ಅಂತ ಬಿಡ್ತಾರೆ. ಹಾಗಾಗಿ ಯಾವತ್ತೋ ಕರಗಿಸಿದ ಮೊಪೆಡ್ಡು ಇವತ್ತಿಗೂ ದಾಖಲೇಲಿ ಓಡ್ತಾನೇ ಇದೆ. ಇನ್ನೊಂದು ಕಡೆ, ಗ್ಯಾಸ್ ಕಿಟ್ ಹಾಕಿಸ್ಕೊಂಡು ಆರ್‌ಸಿಲಿ ಪೆಟ್ರೋಲ್ ಅಂತಲೇ ಉಳಿಸ್ಕೊಂಡಿರೋ ಆಟೋಗಳೂ, ಓಮ್ನಿಗಳೂ ಇದಾವೆ. ಇಂಧನ ಯಾವ್ದು, ಯಾವ ಬಿಎಸ್, ಯಾವ ವರ್ಷದ್ದು ಅನ್ನೋದರ ಮೇಲೇ ಮಿತಿ ನಿಂತಿರೋದ್ರಿಂದ ಮೂಲ ದಾಖಲೆ ತಪ್ಪಿದ್ರೆ ಮೇಲೆ ಕಟ್ಟಿದ ಲೆಕ್ಕ ಎಲ್ಲಾ ತಪ್ಪು. ಎಮಿಷನ್ ಟೆಸ್ಟ್ ಮಾಡೋ ಜಾಗದಲ್ಲೇ, ಈ ಗಾಡಿಯ ವಿವರ ಸರಿ ಇಲ್ಲ ಅಂತ ಒಂದು ಬಟನ್ ಒತ್ತೋಕೆ ಅವಕಾಶ ಕೊಟ್ರೆ, ಅದು ಆರ್‌ಟಿಒಗೆ ಹೋಗೋ ಹಾಗಾದ್ರೆ, ಖರ್ಚಿಲ್ದೇ ದಾಖಲೆ ಸರಿಯಾಗ್ತಾ ಹೋಗುತ್ತೆ.

ಡೇಟಾ ಜೋಡಿಸ್ತೀವಿ ಅಂದಾಗೆಲ್ಲ ಸರ್ಕಾರಗಳು ಮೊದ್ಲು ಯೋಚಿಸೋದು ಶಿಕ್ಷೆ ಬಗ್ಗೆನೇ. ಅದರ ಫಲ ಏನಾಗಿದೆ ಅಂತ ನೋಡಿ. 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಪಿಯುಸಿ ಇಲ್ಲದ ಗಾಡಿಗೆ ಇನ್ಶೂರೆನ್ಸ್ ರಿನ್ಯೂ ಮಾಡ್ಬೇಡಿ ಅಂತ ಆದೇಶ ಮಾಡಿತ್ತು, ಉದ್ದೇಶ ಒಳ್ಳೇದೇ. ಆದ್ರೆ ಅದರಿಂದ ಇನ್ಶೂರೆನ್ಸೇ ಇಲ್ಲದ ಗಾಡಿಗಳು ರಸ್ತೇಲಿ ಓಡ್ತಿವೆ, ಆಕ್ಸಿಡೆಂಟ್ ಆದೋರಿಗೆ ಪರಿಹಾರ ಸಿಗ್ತಿಲ್ಲ ಅಂತ ವಿಮಾ ಕಂಪನಿಗಳ ಮಂಡಳಿ ಕೋರ್ಟಿಗೆ ಹೋಯ್ತು, 2024ರ ಜುಲೈನಲ್ಲಿ ಕೋರ್ಟೇ ಆ ಷರತ್ತು ತೆಗೆದುಹಾಕ್ತು. 2025ರ ಜುಲೈನಲ್ಲಿ ದೆಹಲಿಲಿ ಪೆಟ್ರೋಲ್ ಬಂಕುಗಳಲ್ಲಿ ಕ್ಯಾಮೆರಾ ಇಟ್ಟು ವಯಸ್ಸಾದ ಗಾಡಿಗೆ ಪೆಟ್ರೋಲ್ ಕೊಡಲ್ಲ ಅಂದ್ರು, ಕ್ಯಾಮೆರಾ ವ್ಯವಸ್ಥೆ ಸರಿ ಇಲ್ಲ, ಅಕ್ಕಪಕ್ಕದ ರಾಜ್ಯದ ಡೇಟಾ ಜೋಡಣೆ ಆಗಿಲ್ಲ ಅಂತ ಕೆಲವೇ ದಿನದಲ್ಲಿ ದೆಹಲಿ ಸರ್ಕಾರನೇ ಅದನ್ನ ನಿಲ್ಲಿಸಿ ಅಂತ ಪತ್ರ ಬರೀತು. ನಮ್ಮಲ್ಲೂ ಕ್ಯಾಮೆರಾ ಫೈನ್ ಜಾಸ್ತಿ ಆಗ್ತಿದೆ. ಕೆಳಗಿರೋ ಅಂಕಿನೇ ಸುಳ್ಳಿದ್ದಾಗ ಅದರ ಮೇಲೆ ಎಷ್ಟು ಕ್ಯಾಮೆರಾ ಕೂರಿಸಿದ್ರೂ ಸುಳ್ಳು ಸರ್ಟಿಫಿಕೇಟ್ ಮಾಡ್ಸೋರ ಸಂಖ್ಯೆ ಜಾಸ್ತಿ ಆಗುತ್ತೆ, ಹೊಗೆ ಹಾಗೇ ಇರುತ್ತೆ. ಹೊಗೆ ಬಿಡೋ ಗಾಡಿ ಸರ್ಟಿಫಿಕೇಟ್ ಇಟ್ಕೊಂಡು ರಾಜನ ಥರ ಹೋಗುತ್ತೆ, ಚೆನ್ನಾಗಿ ಸರ್ವಿಸ್ ಮಾಡ್ಸಿ ಡೇಟ್ ಮರೆತ ಮೇಷ್ಟ್ರ ಸ್ಕೂಟರಿಗೆ ಫೈನ್ ಬೀಳುತ್ತೆ, ಇದನ್ನ ನಾನು ದಿನಾ ನೋಡ್ತಿದೀನಿ.

ದಾವಣಗೆರೆ ವಿಷಯ ತಮಗೆ ಗೊತ್ತಿರುತ್ತೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ರಾಜ್ಯದ ನಾಲ್ಕು ಊರುಗಳಿವೆ, ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ಜೊತೆಗೆ ನಮ್ಮ ದಾವಣಗೆರೆ. ಗಾಳಿಯ ಗುಣಮಟ್ಟ ನಿಗದಿತ ಮಟ್ಟಕ್ಕೆ ಇಲ್ಲ ಅಂತಲೇ ಆ ಪಟ್ಟಿಗೆ ಸೇರಿಸಿದ್ದು. ಪಿಎಂ 10 (ಗಾಳಿಲಿ ತೇಲೋ ಸಣ್ಣ ಧೂಳಿನ ಕಣ) ಶೇ. 40ರಷ್ಟು ಕಮ್ಮಿ ಮಾಡ್ಬೇಕು, 2025-26ರೊಳಗೆ ಅಂತ ಗುರಿ ಇಟ್ಟಿದ್ರು. ಧೂಳು ದೊಡ್ಡ ಸಮಸ್ಯೆನೇ, ಇಲ್ಲ ಅನ್ನಲ್ಲ, ಅಗೆದ ರಸ್ತೆ, ಮಂಡಕ್ಕಿ ಭಟ್ಟಿ ಹೊಗೆ, ಕಸ ಸುಡೋದು ಎಲ್ಲಾ ಇದೆ. ಆದ್ರೆ ಸಿಎಸ್‌ಇ ಅನ್ನೋ ಪರಿಸರ ಸಂಶೋಧನಾ ಸಂಸ್ಥೆ 2024ರಲ್ಲಿ ಲೆಕ್ಕ ಹಾಕಿದಾಗ ಈ ಕಾರ್ಯಕ್ರಮದಲ್ಲಿ ಖರ್ಚಾದ ದುಡ್ಡಲ್ಲಿ ದೇಶದಾದ್ಯಂತ ಶೇ. 64 ರಸ್ತೆ ಧೂಳಿಗೇ ಹೋಗಿದೆ, ವಾಹನಗಳ ಹೊಗೆಗೆ ಶೇ. 13ಕ್ಕಿಂತ ಕಮ್ಮಿ. ಧೂಳು ಗುಡಿಸೋ ಮಷಿನ್ ತಗೊಂಡ್ರೆ ಫೋಟೋ ಬರುತ್ತೆ, ಹೊಗೆ ಕಮ್ಮಿ ಮಾಡೋಕೆ ಯಾವ ಗಾಡಿ, ಯಾವ ರಸ್ತೆ, ಯಾವ ಹೊತ್ತು ಅಂತ ಗೊತ್ತಿರ್ಬೇಕು. ಹವಾ ಅಳೆಯೋ ಡೇಟಾ ಮಾಲಿನ್ಯ ಮಂಡಳಿ ಹತ್ರ, ಗಾಡಿ ಹೊಗೆ ಡೇಟಾ ಸಾರಿಗೆ ಇಲಾಖೆ ಹತ್ರ, ಯಾವ ರಸ್ತೇಲಿ ಎಷ್ಟು ಗಾಡಿ ಓಡ್ತವೆ ಅನ್ನೋದು ಪೊಲೀಸ್ನೋರ ಹತ್ರ. ಮೂರೂ ಕಡೆ ಅಧಿಕಾರಿಗಳು ಒಳ್ಳೇ ಕೆಲಸ ಮಾಡ್ತಿರಬಹುದು, ಆದ್ರೆ ಮೂರನ್ನೂ ಒಂದೇ ಟೇಬಲ್ ಮೇಲೆ ಹಾಕಿ ನೋಡಿದ ವರದಿ ಒಂದಾದ್ರೂ ನಮ್ಮೂರಿನ ಜನಕ್ಕೆ ಸಿಗ್ಬೇಕು. ನನ್ನ ಗ್ಯಾರೇಜ್ ಎದುರಿಗೆ ಶಾಲೆ ಇದೆ. ಬೆಳಿಗ್ಗೆ ಮಕ್ಕಳನ್ನ ಬಿಡೋ ಹೊತ್ತಲ್ಲಿ ವ್ಯಾನು, ಆಟೋ, ಬೈಕು ಎಲ್ಲಾ ಇಂಜಿನ್ ಆಫ್ ಮಾಡ್ದೇ ನಿಂತಿರ್ತವೆ, ಸೈಲೆನ್ಸರ್ ಇರೋ ಎತ್ತರಕ್ಕೇ ಆ ಮಕ್ಕಳ ಮೂಗೂ ಇರುತ್ತೆ.

ಡೇಟಾ ಹೊರಗೆ ಕೊಟ್ರೆ ಜನರ ಖಾಸಗಿ ವಿಷಯ ಹೊರಗೆ ಹೋಗುತ್ತೆ ಅಂತ ತಾವು ಹೇಳಬಹುದು. ಆ ಕಾಳಜಿ ನನಗೂ ಇದೆ. 2019ರಲ್ಲಿ ಕೇಂದ್ರದೋರು ವಾಹನ ಮತ್ತು ಲೈಸೆನ್ಸ್ ಡೇಟಾವನ್ನ ಕಂಪನಿಗಳಿಗೆ ದುಡ್ಡಿಗೆ ಕೊಡೋ ನೀತಿ ಮಾಡಿ, ಟೀಕೆ ಬಂದು, 2020ರಲ್ಲಿ ಅದನ್ನ ಕೈಬಿಟ್ರು. ನಾನು ಕೇಳ್ತಿರೋದರಲ್ಲಿ ಯಾರ ಹೆಸರೂ ಬೇಡ, ಮೊಬೈಲ್ ನಂಬರೂ ಬೇಡ, ಗಾಡಿ ನಂಬರೂ ಬೇಡ. ಪ್ರತಿ ತಪಾಸಣೆ ಕೇಂದ್ರ ತಿಂಗಳಿಗೆ ಎಷ್ಟು ಟೆಸ್ಟ್ ಮಾಡ್ತು, ಎಷ್ಟು ಪಾಸ್, ಎಷ್ಟು ಫೇಲ್, ಎಷ್ಟು ರಿಜೆಕ್ಷನ್ ಸ್ಲಿಪ್ ಕೊಡ್ತು, ಮಷಿನ್ ಕೊನೇ ಸಲ ಯಾವಾಗ ಕ್ಯಾಲಿಬ್ರೇಷನ್ ಆಯ್ತು, ಇಷ್ಟನ್ನ ಇಲಾಖೆ ವೆಬ್‌ಸೈಟಲ್ಲಿ ಕನ್ನಡದಲ್ಲಿ ಹಾಕಿ. ಯಾವ ಕೇಂದ್ರದಲ್ಲಿ ತಿಂಗಳುಗಟ್ಟಲೆ ಒಂದೂ ಗಾಡಿ ಫೇಲ್ ಆಗಿಲ್ವೋ, ಯಾವ ಕೇಂದ್ರದಲ್ಲಿ ಬೇರೆಬೇರೆ ಗಾಡಿಗೆ ಒಂದೇ ರೀಡಿಂಗ್ ಮತ್ತೆ ಮತ್ತೆ ಬರ್ತಿದೆಯೋ ಅಲ್ಲಿಗೆ ಇನ್‌ಸ್ಪೆಕ್ಟರ್ ಮೊದ್ಲು ಹೋಗ್ಲಿ. ಈಗ ಅವರು ಹೋದ್ರೂ ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಾಗದೇ ರಸ್ತೆ ಬದಿ ಸಿಕ್ಕಿದ ಕೇಂದ್ರಕ್ಕೆ ಹೋಗಿ ಫೈಲ್ ನೋಡ್ಕೊಂಡು ಬರ್ತಾರೆ.

ಫೇಲ್ ಆದ ಗಾಡಿಯೋರಿಗೆ ರಿಪೇರಿಗೆ ಒಂದಿಷ್ಟು ದಿನ ಟೈಮ್ ಕೊಡಿ, ಆ ಅವಧಿಲಿ ಸ್ಲಿಪ್ ತೋರಿಸಿದ್ರೆ ಫೈನ್ ಹಾಕ್ಬೇಡಿ, ವಾಪಸ್ ಬಂದು ಟೆಸ್ಟ್ ಮಾಡಿಸಿದ್ರೆ ಎರಡನೇ ಸಲ ದುಡ್ಡು ತಗೋಬಾರದು ಅಂತ ಮಾಡಿ. ಕೇಂದ್ರದೋರಿಗೆ ಮೊದಲ ಟೆಸ್ಟಿನ ಶುಲ್ಕ ಪಾಸೇ ಆಗ್ಲಿ ಫೇಲೇ ಆಗ್ಲಿ ಸಿಗೋ ಹಾಗೆ ಮಾಡಿ, ಆಗ ಸುಳ್ಳು ಪಾಸ್ ಮಾಡೋ ಒತ್ತಡ ಅರ್ಧ ಇಳಿಯುತ್ತೆ. ಮೊಬೈಲ್ ನಂಬರ್ ಹೇಗೂ ಕಡ್ಡಾಯ ಮಾಡಿದೀರಿ, ಆ ನಂಬರಿಗೆ ಡೇಟ್ ಮುಗಿಯೋ ಮುಂಚೆ ಒಂದು ಎಸ್‌ಎಂಎಸ್ ಬರ್ಲಿ, ಫೇಲ್ ಆದಾಗ ಇಂಥಿಂಥದ್ದು ಚೆಕ್ ಮಾಡಿಸಿ ಅಂತ ಕನ್ನಡದಲ್ಲೇ ಬರ್ಲಿ. ಅದನ್ನ ಏನು ಬರೀಬೇಕು ಅಂತ ಕೇಳಿದ್ರೆ ನಮ್ಮೂರ ಮೆಕ್ಯಾನಿಕ್‌ಗಳು ಒಟ್ಟಿಗೆ ಕೂತು ಬರೆದು ಕೊಡ್ತೀವಿ, ದುಡ್ಡು ಬೇಡ. ಬಿಎಸ್ 4ಕ್ಕಿಂತ ಹಳೇ ಗಾಡಿ ಇಟ್ಕೊಂಡಿರೋ ಆಟೋದೋರು, ಕೂಲಿ ಮಾಡೋರು ಆರು ತಿಂಗಳಿಗೊಮ್ಮೆ ಟೆಸ್ಟ್ ಮಾಡಿಸ್ಬೇಕು, ಅವರ ಗಾಡಿಗೆ ರಿಪೇರಿ ಜಾಸ್ತಿ, ಅವರ ಹತ್ರ ದುಡ್ಡು ಕಮ್ಮಿ. ಫೈನಿಂದ ಬಂದ ದುಡ್ಡಲ್ಲಿ ಒಂದು ಪಾಲು ತೆಗೆದಿಟ್ಟು ಅಂಥೋರಿಗೆ ಉಚಿತ ಟ್ಯೂನಿಂಗ್ ಕ್ಯಾಂಪ್ ಮಾಡಿ, ಟ್ಯೂನಿಂಗ್ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯ್ತು ಅನ್ನೋ ಅಂಕಿನೂ ದಾಖಲಾಗ್ಲಿ, ಆಗ ಖರ್ಚಾದ ದುಡ್ಡಿಗೆ ಎಷ್ಟು ಹೊಗೆ ಕಮ್ಮಿ ಆಯ್ತು ಅಂತ ತಾವೇ ಸದನಕ್ಕೆ ಲೆಕ್ಕ ಕೊಡಬಹುದು. ಸರ್ಕಾರಿ ಗಾಡಿಗಳಿಗೂ ಇದೇ ನಿಯಮ ಇರ್ಲಿ, ಇಲಾಖಾವಾರು ಎಷ್ಟು ಗಾಡಿಗೆ ಎಮಿಷನ್ ಆಗಿದೆ ಅನ್ನೋ ಪಟ್ಟಿನೂ ಅದೇ ವೆಬ್‌ಸೈಟಲ್ಲಿ ಇರ್ಲಿ, ಜನ ಅದನ್ನ ಮೊದ್ಲು ನೋಡ್ತಾರೆ.

ಇದೆಲ್ಲ ಒಂದೇ ಸಲ ರಾಜ್ಯದ ತುಂಬಾ ಮಾಡೋಕಾಗಲ್ಲ ಅಂತ ನನಗೂ ಗೊತ್ತು. ಶುದ್ಧ ಗಾಳಿ ಕಾರ್ಯಕ್ರಮದ ಆ ನಾಲ್ಕು ಊರಲ್ಲಿ ಶುರು ಮಾಡಿ. ನಾಲ್ಕರಲ್ಲಿ ಚಿಕ್ಕ ಊರು ನಮ್ಮದು, ಕೇಂದ್ರಗಳೂ ಬೆಂಗಳೂರಿನಷ್ಟಿಲ್ಲ, ಹಾಗಾಗಿ ದಾವಣಗೆರೆಯಿಂದಲೇ ಮೊದಲ ತಿಂಗಳ ಪಟ್ಟಿ ಹೊರಡಿಸಿ ಅಂತ ಕೇಳ್ಕೋತೀನಿ. ಪಾಸ್, ಫೇಲ್, ರಿಜೆಕ್ಷನ್ ಸ್ಲಿಪ್, ಮೂರು ಕಾಲಂ ಸಾಕು. ಈ ಪತ್ರಕ್ಕೆ ಉತ್ತರ ಬರೆಯೋ ಬದಲು ಆ ಪಟ್ಟಿನೇ ಹಾಕಿದ್ರೂ ನನಗೆ ಉತ್ತರ ಸಿಕ್ಕ ಹಾಗೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಒಬ್ಬ ಟೂ ವೀಲರ್ ಮೆಕ್ಯಾನಿಕ್,
ದಾವಣಗೆರೆ